ಹತ್ತೊಂಬತ್ತು ಪಾತರಗಿತ್ತಿ

ಪುಣೆ
6 ಜನವರಿ 2024

ಅಕ್ಕೋರಿಗೆ,

ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನಾನು ಕಿರುಚುತ್ತೇನೆ, ನೀವು ಇಟ್ಟುಬಿಡುತ್ತೀರಿ. ಕಾಗದವಾದರೆ ಕೊನೆಯವರೆಗೂ ಓದುತ್ತೀರಿ. ಓದದೆ ಯಾವ ಹಾಳೆಯನ್ನೂ ನೀವು ಕೆಳಗಿಟ್ಟವರಲ್ಲ.

ನನ್ನದು ಒಂದೇ ಪ್ರಶ್ನೆ. 2021ರ ಮಳೆಗಾಲದಲ್ಲಿ ನೀವು ಅಂಚೆಯಲ್ಲಿ ಕಳಿಸಿದ ಎರಡನೇ ಡಬ್ಬಿಯಲ್ಲಿದ್ದ ಮೂವತ್ತೊಂದು ಪಾತರಗಿತ್ತಿಗಳು ಯಾರ ಮಕ್ಕಳು?

ನೆನಪಿಲ್ಲ ಎನ್ನಬೇಡಿ. ಆ ವರ್ಷ ಕೊರೋನಾದಿಂದ ಪುಣೆ ಬಂದ್ ಆಗಿತ್ತು, ನಾನು ಊರಿಗೆ ಬರುವಂತಿರಲಿಲ್ಲ. ಸವಣೂರಿನ ಕನ್ನಡ ಶಾಲೆಯಲ್ಲಿ ನನಗೆ ಮೊದಲ ಸಲ ಹುಳ ತೋರಿಸಿ ಇದೇ ನಾಳೆ ಹಾರುವುದು ಎಂದವರು ನೀವು. ಹಿರೇಬೆಂಡಿಗೇರಿಯ ನಿಮ್ಮ ಹಿತ್ತಲಲ್ಲಿ ನಿಂಬೆಗಿಡಗಳಿವೆ. ಅದಕ್ಕೇ ನಿಮ್ಮನ್ನು ಕೇಳಿದೆ, ನೀವು ಒಪ್ಪಿದಿರಿ. ನಿಂಬೆಗಿಡದ ಪಾತರಗಿತ್ತಿಯ ಒಂದು ಹೆಣ್ಣನ್ನು ಹಿಡಿದು ಸೊಳ್ಳೆಪರದೆಯೊಳಗೆ ಗಿಡದ ಮೇಲೆ ಬಿಡುವುದು, ಅದು ಮೊಟ್ಟೆ ಇಟ್ಟ ಮೇಲೆ ಹುಳಗಳನ್ನು ಸಾಕುವುದು, ಪಾತರಗಿತ್ತಿ ಹೊರಬಂದ ದಿನವೇ ಎರಡು ಬೆರಳಲ್ಲಿ ಎದೆ ಒತ್ತಿ, ಮುಕ್ಕೋನದ ಕಾಗದದ ಪೊಟ್ಟಣದಲ್ಲಿಟ್ಟು, ಪೆನ್ಸಿಲಿನಲ್ಲಿ ತಾಯಿಯ ನಂಬರು ಬರೆಯುವುದು, ಸತ್ತ ತಾಯಿಯನ್ನೂ ಅದೇ ಡಬ್ಬಿಯಲ್ಲಿಡುವುದು. ಮೊದಲನೇ ತಾಯಿಯ ಹತ್ತೊಂಬತ್ತು ಮಕ್ಕಳು ಬಂದವು. ಎರಡನೇ ತಾಯಿಯ ಮೂವತ್ತೊಂದು ಬಂದವು.

ಅವು ಯಾಕೆ ಬೇಕಿದ್ದವು ಎಂಬುದನ್ನೂ ಹೇಳಿದ್ದೆ. ಈಶ್ವರಬಳ್ಳಿ ತಿಂದು ಬೆಳೆಯುವ ಕೆಂಪು ಮೈಯ ಪಾತರಗಿತ್ತಿ ಕಹಿ, ಹಕ್ಕಿ ಅದನ್ನು ಮುಟ್ಟುವುದಿಲ್ಲ. ನಿಂಬೆಗಿಡದ ಪಾತರಗಿತ್ತಿ ಕಹಿಯಲ್ಲ. ಆದರೂ ಅದರ ಕೆಲವು ಹೆಣ್ಣುಗಳು ಆ ಕಹಿಯದರ ವೇಷವನ್ನೇ ಹಾಕಿಕೊಂಡು ಬದುಕುತ್ತವೆ. ಈ ವೇಷವನ್ನು ನಿರ್ಧರಿಸುವ ವಂಶವಾಹಿಯ ಕಟ್ಟು ಒಂದಿದೆ. ಅದು ಬಿಚ್ಚಿಕೊಳ್ಳದೆ ತಲೆಮಾರಿನಿಂದ ತಲೆಮಾರಿಗೆ ಇಡಿಯಾಗಿ ಇಳಿಯುತ್ತದೆ ಎಂದು ಎಲ್ಲರೂ ನಂಬಿದ್ದರು. ನಿಮ್ಮ ಎರಡನೇ ಡಬ್ಬಿಯಲ್ಲಿ ಅದು ಬಿಚ್ಚಿಕೊಂಡಿತ್ತು. ಒಬ್ಬಳೇ ತಾಯಿ, ಮಕ್ಕಳಲ್ಲಿ ಮಾತ್ರ ಬಗೆಬಗೆಯ ಕಟ್ಟು. ಅದರ ಮೇಲೆ ನಾನು ಲೇಖನ ಬರೆದೆ, ಹೋದ ವರ್ಷ ಅಚ್ಚಾಯಿತು.

ಆಗ ಆ ಕಟ್ಟಿನಷ್ಟು ಭಾಗವನ್ನು ಮಾತ್ರ ಓದಿಸಿದ್ದೆ. ಈಗ ಅವುಗಳ ಇಡೀ ಡಿಎನ್‌ಎ ಓದಿಸಿದ್ದೇವೆ. ಯಾವ ಮಗುವಿನಲ್ಲೂ ಅರ್ಧ ತಾಯಿಯದು ಇರಲೇಬೇಕು. ಮೂವತ್ತೊಂದರಲ್ಲಿ ಒಂದೂ ಎರಡನೇ ತಾಯಿಯ ಮಗುವಲ್ಲ. ಒಂದಕ್ಕೊಂದು ಒಡಹುಟ್ಟಿದವೂ ಅಲ್ಲ.

ಪಿಎಚ್‌ಡಿ ಆದ ಮೇಲೆ ಸಿಕ್ಕ ಈ ಕೆಲಸ ಜೂನ್ ಕೊನೆಗೆ ಮುಗಿಯುತ್ತದೆ. ಮುಂದುವರಿಯುವುದು ಬಿಡುವುದು ಆ ಲೇಖನದ ಮೇಲಿದೆ. ಅದು ಸುಳ್ಳಾದರೆ ನಾನೂ ಸುಳ್ಳಿಯಾಗುತ್ತೇನೆ. ಏನು ಮಾಡಿದಿರಿ ಹೇಳಿ.

ಉಮೈಮಾ


ಹಿರೇಬೆಂಡಿಗೇರಿ
17 ಜನವರಿ 2024

ಉಮೈಮಾಗೆ,

ಊರು, ತಾರೀಖು ಬಲಗಡೆ ಮೇಲೆ ಬರೆದಿದ್ದೀ. ಅಷ್ಟಾದರೂ ನೆನಪಿದೆ. ನೀವು ಹೇಗಿದ್ದೀರಿ ಎಂದು ಒಂದು ಸಾಲು ಕೇಳಬೇಕು ಎಂದೂ ಕಲಿಸಿದ್ದೆ, ಅದನ್ನು ಮರೆತಿದ್ದೀ. ನಾನೂ ಕೇಳುವುದಿಲ್ಲ.

ನೀನು ಹೇಳಿದ ಹಾಗೆಯೇ ಮಾಡಿದ್ದೇನೆ. ನಿನ್ನ ಮೆಷಿನ್ ತಪ್ಪು ಓದಿರಬೇಕು, ಇಲ್ಲವೇ ನಿಮ್ಮಲ್ಲಿ ಯಾರೋ ಪೊಟ್ಟಣ ಅದಲುಬದಲು ಮಾಡಿರಬೇಕು. ಅಷ್ಟು ಜನ ಓದಿದವರು ಕೂತಿರುವ ಕಡೆ ಮೊದಲು ಅಲ್ಲಿ ಹುಡುಕಬೇಕಲ್ಲ, ಓಡಿ ಬಂದು ನನ್ನ ಹಿತ್ತಲಲ್ಲೇ ಯಾಕೆ ಹುಡುಕುತ್ತೀ?

ಮೂವತ್ತಾರು ವರ್ಷ ಪಾಠ ಹೇಳಿದ್ದೇನೆ. ಒಂದು ದಿನವೂ ಹಾಜರಿ ತಪ್ಪು ಬರೆದವಳಲ್ಲ. ಆ ಮಳೆಗಾಲದಲ್ಲಿ ಬೆಳಗಾಗೆದ್ದು ಕೊಡೆ ಹಿಡಿದು ನಿಂಬೆ ಎಲೆ ಕಿತ್ತು ತಂದು ನಿನ್ನ ಹುಳಗಳಿಗೆ ಹಾಕಿದ್ದೇನೆ. ಅವುಗಳ ಹಿಕ್ಕೆ ಬಳಿದಿದ್ದೇನೆ. ನನ್ನ ಮೊಮ್ಮಗಳಿಗೂ ಅಷ್ಟು ಮಾಡಲಿಲ್ಲ.

ಲೇಖನದ ಮಾತು ಎತ್ತಿದ್ದೀ, ಎತ್ತಿದ ಮೇಲೆ ಹೇಳುತ್ತೇನೆ. ಹೋದ ವರ್ಷ ನಿನ್ನ ತಮ್ಮ ರಿಯಾಜ ಅದನ್ನು ಶಿಗ್ಗಾವಿಯಲ್ಲಿ ಪ್ರಿಂಟ್ ತೆಗೆಸಿ ತಂದುಕೊಟ್ಟ. ನಮ್ಮ ಮನೆಯವರು ಭೂತಗನ್ನಡಿ ಹಿಡಿದು ಎರಡು ದಿನ ನನ್ನ ಹೆಸರು ಹುಡುಕಿದರು. "ನೋಡಿ ನೋಡಿ ಕಣ್ಣು ಹ್ವಾದ್ವು, ನಿನ್ನ ಹೆಸರು ಎಲ್ಲೂ ಇಲ್ಲ ನೋಡು," ಅಂದರು. ಕೊನೆಗೆ ಸಿಕ್ಕಿದ್ದು ಒಂದು ಸಾಲು, 'ಹಾವೇರಿ ಜಿಲ್ಲೆಯ ಒಬ್ಬ ಸ್ಥಳೀಯ ಸಹಾಯಕಿಗೆ ಧನ್ಯವಾದ.' ಸರಿ ಬಂದಾಗ ಬೇಡವಾದ ಸಹಾಯಕಿ ಈಗ ತಪ್ಪು ಬಂದ ಕೂಡಲೇ ನೆನಪಾದಳು.

ಸರೋಜವ್ವ


ಪುಣೆ
29 ಜನವರಿ 2024

ಅಕ್ಕೋರಿಗೆ,

ನಿಮ್ಮ ಕಾಗದ ಓದಿ ಒಂದು ದಿನ ನಿಮ್ಮನ್ನು ನಂಬಿದೆ. ನಮ್ಮವರ ಮೇಲೇ ಅನುಮಾನಪಟ್ಟು ಎಲ್ಲ ಪೊಟ್ಟಣಗಳನ್ನೂ ಮತ್ತೆ ತೆಗೆದು ಒಂದೊಂದಾಗಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ.

ಮೊದಲನೇ ಡಬ್ಬಿಯ ಹತ್ತೊಂಬತ್ತಕ್ಕೂ ಎದೆಯ ಮೇಲೆ ಬೆರಳಿನ ಗುರುತಿದೆ. ಅವುಗಳ ಡಿಎನ್‌ಎ ಮೊದಲನೇ ತಾಯಿಗೆ ಸರಿಯಾಗಿ ಹೊಂದುತ್ತದೆ. ಎರಡನೇ ಡಬ್ಬಿಯ ಒಂದರ ಎದೆಯ ಮೇಲೂ ಬೆರಳಿನ ಗುರುತಿಲ್ಲ. ತಲೆ ಜಜ್ಜಿದೆ. ಮೈಗೆ ಡೀಸೆಲ್ ಮಸಿ ಮೆತ್ತಿದೆ. ನಿಮ್ಮ ನಿಂಬೆಗಿಡದ ಮೇಲೆ ಡೀಸೆಲ್ ಸುರಿಯುತ್ತದೆಯೇ?

ರಿಯಾಜನಿಗೆ ಫೋನ್ ಮಾಡಿದೆ. ಅವನಿಗೆ ಮುಚ್ಚಿಡುವುದು ಗೊತ್ತಿಲ್ಲ. "ಹೌದು ಆಪಾ, ಅಕ್ಕೋರು ಕೇಳಿದ್ರು. ಟೆಂಪೋದ ಮುಂದಿನ ಜಾಳಿಗ್ಯಾಗ ಸಿಕ್ಕು ಸತ್ತಿರ್ತಾವಲ್ಲ, ಅವನ್ನ ಆರಿಸಿ ಡಬ್ಬ್ಯಾಗ ಹಾಕಿ ಕೊಡ್ತಿದ್ದೆ. ನಿನಗ ಬೇಕಾಗ್ಯಾವು ಅಂದ್ರು. ಗಿಡದಾಗ ಹುಟ್ಟಿದ್ದನ್ನ ಅಷ್ಟೂ ಹಾರಿಸಿಬಿಟ್ರಲ್ಲ," ಅಂದ. ಅಬ್ಬಾನ ತೋಟದ ವೀಳ್ಯದೆಲೆ ಬುಟ್ಟಿ ಹೇರಿಕೊಂಡು ಅವನು ಸವಣೂರಿನಿಂದ ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರಿನವರೆಗೆ ಹೋಗಿಬರುತ್ತಾನೆ. ನಾಲ್ಕು ತಾಲೂಕಿನ ರಸ್ತೆಯಲ್ಲಿ ಗುದ್ದಿಸಿಕೊಂಡು ಸತ್ತ ಪಾತರಗಿತ್ತಿಗಳಿಗೆಲ್ಲ ನೀವು ಒಬ್ಬಳೇ ತಾಯಿಯ ನಂಬರು ಬರೆದು ಕಳಿಸಿದಿರಿ. ನಾನು ಅದನ್ನು ಜಗತ್ತಿಗೆಲ್ಲ ಹೇಳಿಕೊಂಡು ತಿರುಗಿದೆ.

ನೀವು ತಪ್ಪು ಮಾಡಿದ್ದಕ್ಕಿಂತ, ಹೋದ ಕಾಗದದಲ್ಲಿ ನನ್ನ ಮುಖಕ್ಕೇ ಸುಳ್ಳು ಹೇಳಿದ್ದು ಹೆಚ್ಚು ಉರಿಯುತ್ತದೆ. ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ ನೋಡಿದ್ದಕ್ಕೆ ನನ್ನನ್ನು ಇಡೀ ದಿನ ಹೊರಗೆ ನಿಲ್ಲಿಸಿದವರು ನೀವು.

ಕೊಲ್ಲಲು ಮನಸ್ಸಾಗದಿದ್ದರೆ ಹೇಳಬೇಕಿತ್ತು. ಡಿಎನ್‌ಎಗೆ ಒಂದು ಕಾಲು ಸಾಕು. ಒಂದು ಕಾಲು ಕತ್ತರಿಸಿಕೊಂಡು ಬಿಟ್ಟಿದ್ದರೂ ಅದು ಹಾರಿಹೋಗಿ ಬದುಕಿಕೊಳ್ಳುತ್ತಿತ್ತು, ನನ್ನ ಕೆಲಸವೂ ಆಗುತ್ತಿತ್ತು.

ಉಮೈಮಾ


ಹಿರೇಬೆಂಡಿಗೇರಿ
5 ಮಾರ್ಚ್ 2024

ಉಮೈಮಾ,

ಐದು ವಾರ ಬರೆಯಲಿಲ್ಲ. ಪೆನ್ನು ಹಿಡಿದರೆ ಬೈಗುಳವೇ ಬರುತ್ತಿತ್ತು. ಈಗಲೂ ಅದೇ ಬರುತ್ತದೆ, ಬರಲಿ.

ಹೌದು, ಸುಳ್ಳು ಹೇಳಿದೆ. ನನ್ನ ವಿದ್ಯಾರ್ಥಿನಿಯ ಮುಂದೆ ಸಿಕ್ಕಿಬಿದ್ದು ನಿಲ್ಲುವುದು ನನ್ನಿಂದ ಆಗಲಿಲ್ಲ. ಅದಕ್ಕೆ ನೀನು ಏನು ಅಂದರೂ ಅನ್ನಿಸಿಕೊಳ್ಳುತ್ತೇನೆ. ಉಳಿದದ್ದನ್ನು ನೀನು ಕೇಳಿಸಿಕೊಳ್ಳಬೇಕು.

ಮೊದಲನೇ ತಾಯಿಯ ಮೊದಲನೇ ಮಗು ಆಷಾಢದ ಒಂದು ಬೆಳಿಗ್ಗೆ ಹೊರಬಂತು. ಆಗ ತಾನೇ ಪೂಜೆ ಮುಗಿಸಿ ಎದ್ದಿದ್ದೆ. ರೆಕ್ಕೆ ಒದ್ದೆಯಾಗಿ ಮುದುಡಿಕೊಂಡಿತ್ತು. ಪೂರ್ತಿ ಬಿಚ್ಚಿ ಒಣಗುವವರೆಗೆ ಕಾಯಿರಿ ಎಂದು ನೀನು ಹೇಳಿದ್ದೆ. ಎರಡು ತಾಸು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತೆ. ನನ್ನ ಬೆರಳಿನ ಮೇಲೆ ಹತ್ತಿಸಿಕೊಂಡೆ. ಒಣಗಿದ ಮೇಲೆ ಅದು ಹಾರಲು ಒಂದು ಸಲ ರೆಕ್ಕೆ ಬಡಿಯಿತು. ಆಗ ಹಿಡಿದು ಎದೆ ಒತ್ತಿದೆ. ಶೇಂಗಾ ಸಿಪ್ಪೆ ಒಡೆದ ಹಾಗೆ ಸಣ್ಣ ಸಪ್ಪಳವಾಯಿತು.

ದಿನಾ ಬೆಳಿಗ್ಗೆ ನಾನು ಎಡಗೈಯಲ್ಲಿ ಲಿಂಗ ಹಿಡಿದು ಕೂಡುತ್ತೇನೆ, ಬಲಗೈ ಬೆರಳಿನಿಂದ ವಿಭೂತಿ ಹಚ್ಚುತ್ತೇನೆ. ಅದೇ ಎರಡು ಬೆರಳು. ಅವುಗಳಲ್ಲೇ ನಿನ್ನ ಕೈ ಹಿಡಿದು ಅಕ್ಷರ ತಿದ್ದಿಸಿದ್ದು. ಹಾಗೆ ಹತ್ತೊಂಬತ್ತು ಸಲ ಮಾಡಿದೆ. "ರಿಟೈರ್ ಆದಮ್ಯಾಲೆ ಚಲೋ ಕಸಬು ಹಿಡದಿ ನೋಡು," ಎಂದು ಮನೆಯವರು ಅಂದರು. ನಗೆಗೆ ಅಂದದ್ದು ಅದು. ನಾನು ಎದ್ದು ಹಿತ್ತಲಿಗೆ ಹೋಗಿ ಅತ್ತೆ. ಹತ್ತೊಂಬತ್ತನೆಯದು ಆದ ಮೇಲೆ ಲಿಂಗ ಮುಟ್ಟಲು ಕೈ ಬರಲಿಲ್ಲ. ಪೂಜೆ ಇಲ್ಲದೆ ಉಣ್ಣುವ ಪದ್ಧತಿ ನಮ್ಮಲ್ಲಿಲ್ಲ. ಮೂರು ದಿನ ಉಣ್ಣಲಿಲ್ಲ. ಯಾರಿಗೂ ಹೇಳಲಿಲ್ಲ, ಪಿತ್ತವಾಗಿದೆ ಅಂದೆ.

ತಾಯಂದಿರನ್ನು ನಾನು ಕೊಲ್ಲಲಿಲ್ಲ. ಮೊದಲನೆಯವಳ ಹಾಗೆ ಎರಡನೆಯವಳೂ ಮೊಟ್ಟೆ ಇಟ್ಟು ಒಂಬತ್ತನೇ ದಿನ ತಾನಾಗಿ ಸತ್ತಳು, ಅವಳನ್ನು ಪೊಟ್ಟಣದಲ್ಲಿಟ್ಟೆ. ಅವಳ ಮಕ್ಕಳು ಹೊರಬಂದ ಹಾಗೆ ಹಾಗೆ ಪರದೆ ಎತ್ತಿ ಬಿಟ್ಟುಬಿಟ್ಟೆ. ನೀನು ದಿನಾ ಸಂಜೆ ಫೋನ್ ಮಾಡಿ, "ಎಷ್ಟಾದ್ವು ಅಕ್ಕೋರ?" ಎಂದು ಕೇಳುತ್ತಿದ್ದೆ. ನಾನು ಬರೇ ಸಂಖ್ಯೆ ಹೇಳುತ್ತಿದ್ದೆ. ಹುಟ್ಟಿದ್ದು ಹನ್ನೆರಡು, ಹೌದು. ಹುಟ್ಟಿದ್ದು ಇಪ್ಪತ್ತು, ಹೌದು. ಕೊಂದಿರಾ ಎಂದು ನೀನು ಕೇಳಲಿಲ್ಲ, ಇಲ್ಲ ಎಂದು ನಾನು ಹೇಳಲಿಲ್ಲ. ನನ್ನ ಕೈಲಿ ಆಗುವುದಿಲ್ಲ ಎಂಬ ಮಾತನ್ನು ನಾನು ಕಲಿಸಿದವರ ಮುಂದೆ ಎಂದೂ ಆಡಿದವಳಲ್ಲ. ಆಡಬೇಕಿತ್ತು.

ಆಗಲೇ ಒಂದು ಗುರುವಾರ ರಿಯಾಜ ಮನೆಯವರಿಗೆ ಎಲೆ ಕೊಡಲು ಬಂದಾಗ ಟೆಂಪೋ ಬಾಗಿಲ ಮುಂದೆ ನಿಂತಿತ್ತು. ಜಾಳಿಗೆಯಲ್ಲಿ ನಿನ್ನ ಪಾತರಗಿತ್ತಿಯೇ ಸತ್ತು ಸಿಕ್ಕಿತ್ತು, ಅದೇ ಬಣ್ಣ, ಅದೇ ಚುಕ್ಕೆ. ಇವಳಿಗೆ ಬೇಕಾದದ್ದು ಸತ್ತದ್ದು, ಇದು ಹೇಗೂ ಸತ್ತಿದೆ, ಇದರ ಪಾಪ ಯಾರ ತಲೆಗೂ ಇಲ್ಲ ಅಂದುಕೊಂಡೆ. ಎಷ್ಟು ಹಾರಿಸಿದ್ದೆನೋ ಅಷ್ಟು ತುಂಬಿಸಿದೆ. ತಾಯಿಯ ನಂಬರು ಯಾಕೆ ಬೇಕು ಎಂದು ನೀನು ವೇಷದ ಕಥೆ ಹೇಳಿದ್ದೆ ನಿಜ. ಅದರಲ್ಲಿ ತಾಯಿ ಇಷ್ಟು ಮುಖ್ಯ ಎಂದು ನನಗೆ ತಿಳಿಯಲಿಲ್ಲ. ಪಾತರಗಿತ್ತಿಗೆ ಪಾತರಗಿತ್ತಿ ಅಂದುಕೊಂಡೆ.

ಈಗ ನನ್ನ ಸರದಿ. ಒಂದು ಕಾಲು ಸಾಕಿತ್ತು ಎಂದು ಬರೆದಿದ್ದೀ. ಪಲ್ಯಕ್ಕೆ ಉಪ್ಪು ಕಡಿಮೆ ಹಾಕಿದ್ದರೂ ಆಗುತ್ತಿತ್ತು ಅನ್ನುವ ಹಾಗೆ ಬರೆದಿದ್ದೀ. ಹಾಗಾದರೆ ಆ ಹತ್ತೊಂಬತ್ತು ಯಾಕೆ ಸತ್ತವು? ನಿನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈಯಿಂದ ಕೊಲ್ಲಿಸಿದೆ. ಈ ಮನೆಯಲ್ಲಿ ತಿಗಣೆಯನ್ನೂ ಹೊರಗೊಯ್ದು ಬಿಡುತ್ತೇವೆ ಎಂಬುದನ್ನು ನೀನು ಕಣ್ಣಾರೆ ನೋಡಿದವಳು. ಆದರೂ ಒಂದು ಮಾತು ಕೇಳಲಿಲ್ಲ.

ನಿನ್ನ ಕೆಲಸಕ್ಕೆ ಕುತ್ತು ಬಂದಿದೆ ಎಂದು ನನಗೆ ನೋವಿದೆ. ಸಿಟ್ಟು ಅದಕ್ಕಿಂತ ದೊಡ್ಡದಿದೆ.

ಸರೋಜವ್ವ


ಪುಣೆ
22 ಮಾರ್ಚ್ 2024

ಅಕ್ಕೋರಿಗೆ,

ಯಾಕೆ ಎಂದು ಕೇಳಿದ್ದೀರಿ. ರೆಕ್ಕೆ ಅಳೆಯಬೇಕು, ಫೋಟೋ ತೆಗೆಯಬೇಕು, ಪೆಟ್ಟಿಗೆಯಲ್ಲಿ ಜೋಡಿಸಿ ಮುಂದಿನವರಿಗೆ ಇಡಬೇಕು. ಎಲ್ಲರೂ ಇಡಿಯಾಗಿಯೇ ಇಡುತ್ತಾರೆ, ನನಗೂ ಹಾಗೆಯೇ ಕಲಿಸಿದ್ದರು, ನಾನು ನಿಮಗೆ ಅದನ್ನೇ ಹೇಳಿದೆ. ನಿಮ್ಮ ಮೂರು ದಿನದ ಉಪವಾಸಕ್ಕೆ ಇದು ಉತ್ತರವಲ್ಲ ಎಂದು ನನಗೂ ಗೊತ್ತು.

ಆದರೆ ನೀವು ನನ್ನ ಮೇಲೆ ಸಿಟ್ಟಾಗಿ ಹಿತ್ತಲಲ್ಲಿ ಕೂತಿರಬಹುದು. ನಾನು ಇಲ್ಲಿ ದಿನಾ ಸರ್ ಅವರ ಕೋಣೆಯಲ್ಲಿ ನಿಲ್ಲಬೇಕು. ಈ ಪ್ರಯೋಗಾಲಯ ಅವರದು, ಲೇಖನದಲ್ಲಿ ಕೊನೆಯ ಹೆಸರು ಅವರದು. ನಾನು ಕಾಫಿ ಕುಡಿಯಲು ಹೋದರೆ ಮಾತಾಡುತ್ತಿದ್ದವರು ಲೋಟ ಹಿಡಿದು ಎದ್ದು ಹೋಗುತ್ತಾರೆ. ಹತ್ತು ವರ್ಷ ಹಬ್ಬಕ್ಕೂ ಊರಿಗೆ ಬಾರದೆ ಗಳಿಸಿದ ಹೆಸರು ಇದು.

ಸರ್ ಒಂದು ದಾರಿ ಹೇಳಿದ್ದಾರೆ. ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ ತಪ್ಪು ಯಾರದು ಎಂದು ಸ್ಪಷ್ಟವಾಗಿ ಬರೆದರೆ ನನಗೆ ಇನ್ನೆರಡು ವರ್ಷ ಕೊಡಿಸುತ್ತಾರಂತೆ. ಅವರು ಬರೆದ ಹಾಳೆಯನ್ನು ಕನ್ನಡಕ್ಕೆ ಮಾಡಿ ಇದರ ಜೊತೆ ಇಟ್ಟಿದ್ದೇನೆ. 'ತರಬೇತಿ ಇಲ್ಲದ ಒಬ್ಬ ಸ್ಥಳೀಯ ಸಹಾಯಕಿ ಸಂಶೋಧಕರಿಗೆ ತಿಳಿಯದಂತೆ ಮಾದರಿಗಳನ್ನು ಬದಲಿಸಿದ್ದಾರೆ. ಇದನ್ನು ಪತ್ತೆ ಮಾಡಲು ಸಂಶೋಧಕರಿಗೆ ಯಾವ ಸುಳಿವೂ ಇರಲಿಲ್ಲ.' ಕೆಳಗೆ ನಿಮ್ಮ ಸಹಿ ಬೇಕು.

ನಡೆದದ್ದು ಅದೇ ಅಲ್ಲವೇ? ಸಹಿ ಮಾಡಿ ಕಳಿಸಿ.

ಉಮೈಮಾ


ಹಿರೇಬೆಂಡಿಗೇರಿ
3 ಏಪ್ರಿಲ್ 2024

ಉಮೈಮಾ,

ನಿನ್ನ ಹಾಳೆ ತಿದ್ದಿ ಕಳಿಸಿದ್ದೇನೆ. ಕೆಂಪು ಪೆನ್ನು ಇನ್ನೂ ಬರೆಯುತ್ತದೆ.

'ತರಬೇತಿ ಇಲ್ಲದ' ಎಂಬುದನ್ನು ಹೊಡೆದುಹಾಕಿದ್ದೇನೆ. ಧಾರವಾಡದಲ್ಲಿ ಎರಡು ವರ್ಷ ಶಿಕ್ಷಕಿಯರ ತರಬೇತಿ ಪಡೆದವಳು ನಾನು. ಪಾತರಗಿತ್ತಿ ಕೊಲ್ಲುವ ತರಬೇತಿ ಯಾರೂ ಕೊಡಲಿಲ್ಲ, ನೀನೂ ಕೊಡಲಿಲ್ಲ, ಫೋನಿನಲ್ಲಿ ಎರಡು ನಿಮಿಷ ಹೇಳಿದೆ.

'ಒಬ್ಬ ಸ್ಥಳೀಯ ಸಹಾಯಕಿ' ಎಂಬುದನ್ನೂ ಹೊಡೆದು ಮೇಲೆ ನನ್ನ ಹೆಸರು ಬರೆದಿದ್ದೇನೆ. ನಿನ್ನ ವಿಜ್ಞಾನದಲ್ಲಿ ನನ್ನ ಹೆಸರು ಮೊದಲ ಸಲ ಬರುವುದು ತಪ್ಪಿನ ಕೆಳಗೆ. ಇರಲಿ. ಬರುವುದಾದರೆ ಪೂರ್ತಿ ಬರಲಿ.

ಮಾದರಿಗಳನ್ನು ಬದಲಿಸಿದ್ದಾರೆ, ಸರಿ. ಅದಕ್ಕೆ ಸಹಿ ಮಾಡಿದ್ದೇನೆ.

ಕೊನೆಯ ಸಾಲಿಗೆ ಸಹಿ ಇಲ್ಲ. 'ಯಾವ ಸುಳಿವೂ ಇರಲಿಲ್ಲ' ಎಂಬುದರ ಕೆಳಗೆ ಗೆರೆ ಎಳೆದು ಪ್ರಶ್ನೆಯ ಗುರುತು ಹಾಕಿದ್ದೇನೆ.

ನೀನು ನಾಲ್ಕನೇ ಇಯತ್ತೆಯಲ್ಲಿ ಓದುತ್ತಿದ್ದಾಗ ಕಡ್ಡಿಪೆಟ್ಟಿಗೆಯಲ್ಲಿ ಒಂದು ಪಾತರಗಿತ್ತಿ ತಂದಿದ್ದೆ. "ನಮ್ಮ ಮನ್ಯಾಗ ಇವತ್ತಽ ಹುಟ್ಟೇತ್ರಿ ಅಕ್ಕೋರ," ಅಂದೆ. ಎಲ್ಲ ಹುಡುಗಿಯರೂ ಬಾಯಿ ತೆರೆದು ನೋಡುತ್ತಿದ್ದರು. ನಾನು ಅದರ ರೆಕ್ಕೆ ತೋರಿಸಿ, "ಇವತ್ತ ಹುಟ್ಟಿದ್ದರ ರೆಕ್ಕಿ ಹಿಂಗ ಹರದಿರೂದಿಲ್ಲ. ಇದು ಎಲ್ಲೋ ಭಾಳ ದಿನ ಹಾರ್‍ಯಾಡಿ ಬಂದೇತಿ. ಖರೇ ಹೇಳು, ಎಲ್ಲಿ ಸಿಕ್ಕಿತು?" ಎಂದು ಕೇಳಿದೆ. ನೀನು ತಲೆ ತಗ್ಗಿಸಿ, "ಗಟಾರದ ಹಂತ್ಯಾಕ್ರಿ," ಅಂದೆ. ಆವತ್ತಿನಿಂದ ಶಾಲೆ ಬಿಡುವವರೆಗೆ ಸಿಕ್ಕ ಸಿಕ್ಕ ಪಾತರಗಿತ್ತಿಯ ರೆಕ್ಕೆ ನೋಡಿ ಇದಕ್ಕೆ ಎಷ್ಟು ದಿನ ಎಂದು ಹೇಳುತ್ತಿದ್ದೆ, ತಪ್ಪುತ್ತಿರಲಿಲ್ಲ.

ನಾನು ಕಳಿಸಿದ ಮೂವತ್ತೊಂದರಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ರೆಕ್ಕೆ ಹರಿದಿತ್ತು. ಕೆಲವಕ್ಕೆ ರೆಕ್ಕೆಯ ತುದಿಯ ಬಾಲವೇ ಇರಲಿಲ್ಲ. ಹುಟ್ಟಿದ ದಿನವೇ ಪೊಟ್ಟಣ ಸೇರಿದ್ದು ಎಂದು ಹೇಳಿ ಕಳಿಸಿದ ಪಾತರಗಿತ್ತಿಗಳು ಅವು. ಪೊಟ್ಟಣ ಕಟ್ಟುವಾಗ ನನಗೆ ಅನಿಸಿತ್ತು, ಇವಳು ತೆರೆದ ಕೂಡಲೇ ಹಿಡಿಯುತ್ತಾಳೆ, ಫೋನ್ ಮಾಡಿ ಬೈಯುತ್ತಾಳೆ, ಆಗ ಎಲ್ಲ ಹೇಳಿಬಿಡುತ್ತೇನೆ ಎಂದು. ಎರಡು ವಾರ ಆ ಫೋನಿಗಾಗಿ ಕಾದೆ. ನಿನ್ನ ಫೋನ್ ಬಂತು. "ಭಾಳ ಚಲೋ ಬಂದಾವ್ರಿ ಅಕ್ಕೋರ," ಅಂದೆ.

ನಾನು ನಂಬರು ಸುಳ್ಳು ಬರೆದೆ. ನೀನು ರೆಕ್ಕೆ ನೋಡಲಿಲ್ಲವೇ, ನೋಡಿಯೂ ಸುಮ್ಮನಿದ್ದೆಯೇ? ಇದಕ್ಕೆ ಉತ್ತರ ಬರೆದರೆ ಮುಂದೆ ಕಾಗದ ಬರಿ. ಇಲ್ಲದಿದ್ದರೆ ಬೇಡ.

ಸರೋಜವ್ವ ಉಳವಪ್ಪ ಅಂಗಡಿ
ನಿವೃತ್ತ ಶಿಕ್ಷಕಿ


ಪುಣೆ
19 ಜೂನ್ 2024

ಅಕ್ಕೋರಿಗೆ,

ನೋಡಿದ್ದೆ.

ಎರಡೂವರೆ ತಿಂಗಳಾಯಿತು ಈ ಒಂದು ಪದ ಬರೆಯಲು. ನಿಮ್ಮ ಕೆಂಪು ಹಾಳೆ ಬಂದ ದಿನ ಅದನ್ನು ಹರಿದುಹಾಕುವಷ್ಟು ಸಿಟ್ಟು ಬಂದಿತ್ತು. ಇಷ್ಟು ದೂರ ಬಂದರೂ ಇವರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುವುದು ಬಿಡಲಿಲ್ಲ ಎಂದು. ಆಮೇಲೆ ಹಳೆಯ ಫೋಟೋಗಳನ್ನು ತೆಗೆದು ನೋಡಿದೆ. ಪೊಟ್ಟಣ ಬಿಚ್ಚಿದ ದಿನ ನಾನೇ ತೆಗೆದ ಫೋಟೋಗಳು. ಏಳನೆಯದರ ಪಕ್ಕದಲ್ಲಿ ನನ್ನ ಕೈಬರಹದಲ್ಲೇ ಇದೆ, 'ರೆಕ್ಕೆ ಹರಿದಿದೆ, ಅಕ್ಕೋರಿಗೆ ಕೇಳಬೇಕು.'

ಕೇಳಲಿಲ್ಲ. ಹತ್ತೇ ದಿನದಲ್ಲಿ ಮೊದಲ ಫಲಿತಾಂಶ ಬಂತು. ಕಟ್ಟು ಬಿಚ್ಚಿಕೊಂಡಿತ್ತು. ಸರ್ ನನ್ನ ಮೇಜಿನವರೆಗೆ ನಡೆದುಬಂದು ಕೈ ಕುಲುಕಿದರು, ಈ ಪ್ರಯೋಗಾಲಯದಲ್ಲಿ ಅದು ಯಾರಿಗೂ ಆದದ್ದಲ್ಲ. ಸಾಗಿಸುವಾಗ ಹರಿದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅದಾಗಿ ಎರಡೂವರೆ ವರ್ಷ ಆ ಸಾಲನ್ನು ತೆರೆದು ನೋಡಲಿಲ್ಲ. ಜನವರಿಯಲ್ಲಿ ನಿಮಗೆ ಮೊದಲ ಕಾಗದ ಬರೆಯುವಾಗಲೂ ಅದು ನೆನಪಿತ್ತು. ನಿಮ್ಮ ಮೇಲೆ ಅಷ್ಟು ಸಿಟ್ಟು ಯಾಕೆ ಬಂದಿತ್ತು ಎಂದು ಈಗ ಗೊತ್ತಾಗುತ್ತದೆ.

ನೀವು ಸಹಿ ಮಾಡಿದ ಹಾಳೆಯನ್ನು ಸರ್‌ಗೆ ಕೊಡಲಿಲ್ಲ. ಆ ಫೋಟೋ, ಆ ಸಾಲು ತೋರಿಸಿದೆ. ಅವರು ಎದ್ದು ಬಾಗಿಲು ಮುಚ್ಚಿ, "ಇದು ಇಲ್ಲೇ ಇರಲಿ," ಎಂದರು. ಇರಲು ಬಿಡುವುದಿಲ್ಲ ಎಂದೆ. ಜೋರಾಗಿಯೇ ಅಂದೆ, ಹೊರಗಿನವರಿಗೆಲ್ಲ ಕೇಳಿಸಿತು. ಲೇಖನವನ್ನು ಹೋದ ವಾರ ಹಿಂದಕ್ಕೆ ತೆಗೆದುಕೊಂಡೆವು. ಕಾರಣವನ್ನು ನಾನೇ ಬರೆದೆ, ನನ್ನ ಹೆಸರಿನಲ್ಲಿ ಬರೆದೆ. 'ಎರಡನೇ ತಾಯಿಯ ಮಕ್ಕಳೆಂದು ನಮೂದಿಸಿದ ಮೂವತ್ತೊಂದು ಮಾದರಿಗಳು ಆಕೆಯ ಮಕ್ಕಳಲ್ಲ. ರೆಕ್ಕೆಗಳ ಸ್ಥಿತಿಯಿಂದ ಮೊದಲ ಲೇಖಕಿಗೆ ಆಗಲೇ ಅನುಮಾನ ಬಂದಿತ್ತು, ಆಕೆ ವಿಚಾರಿಸಲಿಲ್ಲ. ಮೊದಲನೇ ತಾಯಿಯ ಹತ್ತೊಂಬತ್ತು ಮಾದರಿಗಳು ಸರಿಯಾಗಿವೆ. ಅವುಗಳನ್ನು ಸಾಕಿದವರು ಸರೋಜವ್ವ ಉಳವಪ್ಪ ಅಂಗಡಿ, ನಿವೃತ್ತ ಶಿಕ್ಷಕಿ, ಹಿರೇಬೆಂಡಿಗೇರಿ.'

ಆ ಹತ್ತೊಂಬತ್ತು ಮಾತ್ರ ಉಳಿದಿವೆ ಅಕ್ಕೋರೇ. ಮೂರು ವರ್ಷದ ಕೆಲಸದಲ್ಲಿ ನಿಜ ಅನ್ನುವುದು ಅಷ್ಟೇ. ಅವುಗಳಲ್ಲಿ ಕಟ್ಟು ಬಿಚ್ಚಿಲ್ಲ, ಎಲ್ಲರೂ ನಂಬಿದ್ದ ಹಾಗೆ ಇಡಿಯಾಗಿಯೇ ಇಳಿದಿದೆ. ಹೊಸದೇನೂ ಇಲ್ಲ, ಹೊಸದಿಲ್ಲದ್ದು ಯಾರಿಗೂ ಬೇಡ. ಕೆಲಸ 30ನೇ ತಾರೀಖಿಗೆ ಮುಗಿಯುತ್ತದೆ, ಮುಂದುವರಿಸಿಲ್ಲ.

ನನಗೆ ಇನ್ನೂ ಸಿಟ್ಟಿದೆ. ಸರ್ ಮೇಲೆ ಇದೆ, ನಿಮ್ಮ ಮೇಲೆ ಸ್ವಲ್ಪ ಇದೆ, ನನ್ನ ಮೇಲೆ ಎಷ್ಟಿದೆ ಎಂದು ಬರೆಯಲು ಬರುವುದಿಲ್ಲ. ಒಂದು ಕಾಲು ಸಾಕು ಎಂಬುದನ್ನು ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು. ಕ್ಷಮಿಸಿ ಎಂದು ಕೇಳಿದರೆ ಸಣ್ಣ ಮಾತಾಗುತ್ತದೆ, ಆದರೂ ಕೇಳುತ್ತೇನೆ.

ಊರಿಗೆ ಬರುತ್ತಿದ್ದೇನೆ. ನಿಮ್ಮ ಬಾಗಿಲಿಗೆ ಬರಲೋ ಬೇಡವೋ ಹೇಳಿ.

ನಿಮ್ಮ
ಉಮೈಮಾ


ಹಿರೇಬೆಂಡಿಗೇರಿ
26 ಜೂನ್ 2024

ಉಮೈಮಾ,

ಹೇಗಿದ್ದೀ? ಉಣ್ಣುತ್ತಿದ್ದೀಯೋ ಇಲ್ಲವೋ? ನಾವು ಇಬ್ಬರೂ ಚೆನ್ನಾಗಿದ್ದೇವೆ.

ಬಾ. ಇನ್ನೂ ಬೈಯುವುದು ಮುಗಿದಿಲ್ಲ, ಕಾಗದದಲ್ಲಿ ಮುಗಿಯುವ ಹಾಗೂ ಕಾಣುವುದಿಲ್ಲ. ಎದುರಿಗೆ ಕೂರಿಸಿಕೊಂಡು ಬೈಯಬೇಕು. ನಿನ್ನ ಸಿಟ್ಟನ್ನೂ ತಗೊಂಡು ಬಾ, ಅಂಜಿಕೊಂಡು ಬರಬೇಡ. ಮನೆಯವರು ರೊಟ್ಟಿಗೆ ಹೊಸ ಜೋಳ ಬೀಸಿಸಿದ್ದಾರೆ, ಅವರಿಗೆ ನಮ್ಮ ಜಗಳದ ಅರ್ಧ ಮಾತ್ರ ಗೊತ್ತು.

ಮಳೆ ಹಿಡಿದಿದೆ. ನಿಂಬೆಗಿಡದ ಚಿಗುರಿನ ಮೇಲೆ ನಿನ್ನೆ ಒಂದು ಹೆಣ್ಣು ಬಂದು ಮೊಟ್ಟೆ ಇಟ್ಟು ಹೋದಳು, ಕೆಂಪು ವೇಷದವಳು. ಪರದೆ ಕಟ್ಟಿದ್ದೇನೆ. ಯಾವ ಪ್ರಯೋಗಾಲಯಕ್ಕೂ ಬೇಡವಾದರೆ ಬೇಡ, ಅವಳ ವೇಷ ಮಕ್ಕಳಿಗೆ ಇಳಿಯಿತೋ ಇಲ್ಲವೋ ನಮಗೆ ಗೊತ್ತಾದರೆ ಸಾಕು. ಬರುವಾಗ ಸಣ್ಣ ಕತ್ತರಿ ತಾ. ಕಾಲು ಎಲ್ಲಿ ಕತ್ತರಿಸಬೇಕು ಎಂದು ನೀನು ನನ್ನ ಮುಂದೆ ಮಾಡಿ ತೋರಿಸಬೇಕು, ಫೋನಿನಲ್ಲಿ ಅಲ್ಲ.

ನೀನು ಅಚ್ಚು ಹಾಕಿಸಿದ್ದನ್ನು ನಾಲ್ಕು ಸಲ ಓದಿದೆ. ನಿನ್ನ ತಪ್ಪನ್ನು ನೀನೇ ಬರೆದದ್ದು ಸರಿಯಾಗಿದೆ, ಅದಕ್ಕೆ ನಾನು ಗುರುತು ಹಾಕುವುದಿಲ್ಲ. ನನ್ನ ಹೆಸರನ್ನೂ ಪೂರ್ತಿ ಬರೆದಿದ್ದೀ. ಆದರೆ 'ಸಾಕಿದವರು' ಎಂದು ಬರೆದು ನಿಲ್ಲಿಸಿದ್ದೀ. ಆ ಹತ್ತೊಂಬತ್ತನ್ನು ಸಾಕಿದ್ದೂ ನಾನೇ, ಕೊಂದದ್ದೂ ನಾನೇ. ಎರಡನ್ನೂ ಬರಿ. ಅರ್ಧ ಉತ್ತರಕ್ಕೆ ಪೂರ್ತಿ ಅಂಕ ಕೊಟ್ಟವಳಲ್ಲ ನಾನು, ನಿನಗೂ ಕೊಡುವುದಿಲ್ಲ, ನನಗೂ ಕೊಟ್ಟುಕೊಳ್ಳುವುದಿಲ್ಲ.

ನಿನ್ನ
ಅಕ್ಕೋರು